ಅಡ್ಡಗೆರೆಗೆ ವಿಲೋಮವಿಲ್ಲ

ಇಡ್ಲಿಗೂ ಅತಿಥಿಗೂ ನಡುವೆ ಒಂದು ಸರಳರೇಖೆ ಇದೆ. ತಲೆಗೆ ಮೂರು, ಹೇಳದೆ ಬರುವವರಿಗೆಂದು ಮೇಲೆ ಐದು: ಓಲ್ಡ್ ಬ್ರಿಡ್ಜ್ ಎಂಬ ಅಮೆರಿಕದ ಊರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ವಿಮಲಾ ಆಂಟಿಯ ಅನುಭವಸಿದ್ಧ ಸೂತ್ರವಿದು. ಅದನ್ನೇ ನಾನು y = 3x + 5 ಎಂದು ಬರೆದು ತೋರಿಸಿದಾಗ ಅವರು, "ಇಷ್ಟಕ್ಕಾ ಇಷ್ಟು ದಪ್ಪ ಪುಸ್ತಕ?" ಎಂದು ನಕ್ಕರು.

ಎಂಬತ್ತರ ದಶಕದ ಕೊನೆಯ ಮಾತು. ಮಕ್ಕಳು ಓದಲು ದೂರ ಹೋದಮೇಲೆ ಆಂಟಿಗೆ ಸಂಜೆಯ ಕಾಲೇಜಿನಲ್ಲಿ ಅಕೌಂಟಿಂಗ್ ಕಲಿಯುವ ಹಂಬಲ. ಅದಕ್ಕೆ ಮೊದಲು ಗಣಿತದ ಟೆಸ್ಟು ಪಾಸಾಗಬೇಕು. ಹವೆ, ಬಸ್ಸು, ತಿಂಡಿ ಎಲ್ಲವನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವ ನನ್ನ ಚಟವನ್ನು ಪಾಂಡಿತ್ಯವೆಂದು ತಪ್ಪು ತಿಳಿದು, ನನ್ನನ್ನೇ ಗುರುವಾಗಿ ನೇಮಿಸಿಕೊಂಡರು.

ವಿಲೋಮವೆಂದರೆ ಉತ್ತರದಿಂದ ಪ್ರಶ್ನೆಗೆ ಹಿಂತಿರುಗುವ ದಾರಿ. ಇಪ್ಪತ್ತು ಇಡ್ಲಿ ಬೆಂದಿದ್ದರೆ ಎಷ್ಟು ಜನರನ್ನು ಕರೆದಿದ್ದರು? ಆಂಟಿ ಮೊದಲು ಮೂರರಿಂದ ಭಾಗಿಸಿ ಆಮೇಲೆ ಐದನ್ನು ಕಳೆದರು. ಪೂರ್ತಿ ಇಬ್ಬರೂ ಬರಲಿಲ್ಲ, ಒಬ್ಬರೂ ಚಿಲ್ಲರೆ.

"ಆ ಚಿಲ್ಲರೆ ನಿಮ್ಮ ಅಂಕಲ್ಲೇ ಇರಬೇಕು ಬಿಡು."

"ಕೊನೆಗೆ ಸೇರಿಸಿದ್ದನ್ನ ಮೊದಲು ತೆಗೀಬೇಕು ಆಂಟಿ."

"ಓ, ಸೀರೆ ಬಿಚ್ಚೋಕೆ ಮುಂಚೆ ಪಿನ್ನು ತೆಗೆದ ಹಾಗೆ!" ಐದು ಕಳೆದು ಮೂರರಿಂದ ಭಾಗಿಸಿ, ಐದು ಜನರನ್ನು ಕ್ಷೇಮವಾಗಿ ಎಲೆಯ ಮುಂದೆ ಕೂರಿಸಿದರು.

ಎಲ್ಲ ಗೆರೆಗೂ ವಿಲೋಮ ಇರುತ್ತದೆಯೇ ಎಂದು ಕೇಳಿದರು. ಅಡ್ಡಗೆರೆಗಿಲ್ಲ, ಎಂದೆ. y = 4 ಎಂದಮೇಲೆ ಯಾವ x ಹಾಕಿದರೂ ಬರುವುದು ನಾಲ್ಕೇ; ಕೇಳಿದ್ದೇನೆಂದು ಉತ್ತರದಿಂದ ತಿಳಿಯುವಂತಿಲ್ಲ. ಆಂಟಿ ಪಡಸಾಲೆಯ ಕಡೆ ಕತ್ತು ತಿರುಗಿಸಿದರು.

"ರೀ, ಶನಿವಾರ ಟೆಸ್ಟು. ಕಾರು ಬೇಕು."

"ನೋಡೋಣ," ಎಂದಿತು ಪೇಪರಿನ ಹಿಂದಿನ ದನಿ.

"ರೀ, ಮನೆ ಮಾರಿ ಕಾಶಿಗೆ ಹೋಗೋಣ್ವಾ?"

"ನೋಡೋಣ."

ಆಂಟಿ ಸ್ಕೇಲಿಟ್ಟು ನೀಟಾಗಿ ಒಂದು ಅಡ್ಡಗೆರೆ ಎಳೆದರು.

ಪರೀಕ್ಷೆ ನಡೆಯುವ ಕಡೆಗೆ ಬಸ್ಸಿರಲಿಲ್ಲ. ತಪ್ಪಿದರೆ ಆ ವರ್ಷದ ಕೋರ್ಸೇ ತಪ್ಪುತ್ತಿತ್ತು. ಲೈಸೆನ್ಸ್ ಇದ್ದರೂ ಪಕ್ಕದಲ್ಲಿ ಅಂಕಲ್ ಇಲ್ಲದೆ ಆಂಟಿ ಎಂದೂ ಡ್ರೈವ್ ಮಾಡಿದವರಲ್ಲ. ಶನಿವಾರ ಬೆಳಿಗ್ಗೆ ಕಾರಿನ ಬೀಗದ ಕೈ ಅವರ ಕೈಯಲ್ಲಿತ್ತು.

"ಅಂಕಲ್‌ನ ಕೇಳಿದ್ರಾ?"

"ಯಾವ x ಹಾಕಿದ್ರೂ ಅದೇ ಬರುತ್ತೆ ಅಂದಮೇಲೆ ಹಾಕೋದ್ಯಾಕಪ್ಪ?" ಎಂದು ಕಾರನ್ನು ರಿವರ್ಸ್ ತೆಗೆದು, ಪಕ್ಕದ ಮನೆಯ ಹುಲ್ಲನ್ನು ಸ್ವಲ್ಪ ಸವರಿ, ಹೊರಟೇಬಿಟ್ಟರು.

ಒಂಬತ್ತು ಗಂಟೆಗೆ ಅಂಕಲ್ ಇಸ್ತ್ರಿ ಮಾಡಿದ ಷರಟು ತೊಟ್ಟು ಮೆಟ್ಟಿಲಿಳಿದು ಬಂದರು. "ಎಲ್ಲಿ ಇವಳು? ನಾನೇ ಕರ್ಕೊಂಡು ಹೋಗೋಣಾಂತ ರೆಡಿಯಾದೆ!"

ನೋಡಿ, ಗಣಿತ ಸುಳ್ಳಾಗಲಿಲ್ಲ. ಆ ಮನುಷ್ಯನ "ನೋಡೋಣ"ದಲ್ಲಿ ಪೂರ್ತಿ ಒಂದು ಒಪ್ಪಿಗೆಯೂ ಇತ್ತು, ಹೊರಗಿದ್ದವರು ಅದನ್ನು ಓದುವ ದಾರಿ ಮಾತ್ರ ಇರಲಿಲ್ಲ.

ಮಧ್ಯಾಹ್ನ ಆಂಟಿ ಪಾಸಾಗಿ ಬಂದರು. ಚಪ್ಪಲಿಯನ್ನೂ ಬಿಡದೆ, "ರೀ, ಇನ್ನು ಮಂಗಳವಾರ ಸಂಜೆ ಕ್ಲಾಸು, ಕಾರು ನಂದು," ಎಂದರು.

ಅಂಕಲ್ ಬಾಯಿ ತೆರೆದರು. ನಾವಿಬ್ಬರೂ ಕಾದೆವು.

"ಹುಲ್ಲಿನ ಮೇಲೆ ಹತ್ತಿಸಬೇಡ," ಎಂದರು.