ತೂಗದೆ ಬಿಟ್ಟ ಹೃದಯ

ಆಸ್ಪತ್ರೆಯ ಶವಾಗಾರದಲ್ಲಿ ಅವನ ಅಡ್ಡಹೆಸರು ತಕ್ಕಡಿ. ಇಪ್ಪತ್ತಾರು ವರ್ಷ ಹೆಣ ಕೊಯ್ದು ಹೊಲಿದ ಕೈ. ಹೃದಯವನ್ನು ಅಂಗೈಯಲ್ಲಿ ಹಿಡಿದು 'ಮುನ್ನೂರ ಹತ್ತು ಗ್ರಾಂ' ಎಂದರೆ ಮುಗಿಯಿತು, ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಅಲ್ಲೇ ಬಂದು ನಿಲ್ಲುತ್ತಿತ್ತು. ತರಕಾರಿ ಅಂಗಡಿಯವನು ಕೂಡ ಇವನನ್ನು ಕಂಡರೆ ಸರಿಯಾಗಿ ತೂಗುತ್ತಿದ್ದ.

ಚೆನ್ನಾಗಿದ್ದವರು ನಿಂತ ನಿಲುವಿನಲ್ಲೇ ಸತ್ತಾಗ, ಕೊಯ್ಯಬೇಡಿ ಎಂದು ಮನೆಯವರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವರನ್ನು ಒಪ್ಪಿಸುವ ಕೆಲಸವೂ ಇವನದೇ. ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಇದು ಸತ್ತವರಿಗಲ್ಲ, ಉಳಿದವರಿಗೆ ಬೇಕು, ರಕ್ತದಲ್ಲೇ ಬಂದ ಕಾಯಿಲೆಯಾದರೆ ಒಡಹುಟ್ಟಿದವರನ್ನಾದರೂ ಉಳಿಸಿಕೊಳ್ಳಬಹುದು ಎನ್ನುತ್ತಿದ್ದ. ಬಾಯಿಪಾಠವಾಗಿಬಿಟ್ಟಿತ್ತು.

ಹೋದ ವರ್ಷ ಅವನ ಹತ್ತೊಂಬತ್ತರ ಮಗಳು ಬಸ್ಸು ಹಿಡಿಯಲು ಓಡಿ ಬಿದ್ದವಳು ಏಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವನು ಅವತ್ತು ಕೊಯ್ಯಬೇಡಿ ಎಂದು ಶವಾಗಾರದ ಡಾಕ್ಟರಮ್ಮನ ಕಾಲು ಹಿಡಿದ. ಚಾಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಲ್ಲವನು ಇನ್ನೇನು ಮಾಡಿಯಾನು? ಅವರೂ ಹಳೆಯ ಸಲಿಗೆಗೆ ಕಟ್ಟುಬಿದ್ದು 'ಹೃದಯಾಘಾತ' ಎಂದು ಬರೆದುಕೊಟ್ಟರು. ಯಾಕೆ ಹೋದಳೆಂದು ತಿಳಿಯಬೇಡವೇ ಎಂದು ಹೆಂಡತಿ ಕೇಳಿದ್ದಕ್ಕೆ, ತಿಳಿದರೆ ಎದ್ದು ಬರುತ್ತಾಳಾ ಎಂದು ರೇಗಿದ್ದ.

ಈ ಸೋಮವಾರ ಹದಿನಾರರ ಮಗ ಶಾಲೆಯ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದವನು ಹಾಗೇ ಕುಸಿದ. ಈ ಸಲ ತಕ್ಕಡಿ ಕೊಯ್ಯಲು ಒಪ್ಪಿ ಸಹಿ ಹಾಕಿ, ಹೆಂಡತಿಯ ಜೊತೆ ಅದೇ ಬೆಂಚಿನ ಮೇಲೆ ಕೂತ. ಒಳಗಿನ ನಲ್ಲಿಯ ಸದ್ದಿನಿಂದಲೇ ಕೆಲಸ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಬೇಡವೆಂದರೂ ತಿಳಿಯುತ್ತಿತ್ತು. ಕಿವಿ ಕಿತ್ತುಹಾಕಿಕೊಳ್ಳಬೇಕೆನಿಸಿತು.

ಡಾಕ್ಟರಮ್ಮ ಹೊರಗೆ ಬಂದಾಗ ಅವನು ಕೇಳಿದ್ದು ಒಂದೇ ಮಾತು.

"ಎಷ್ಟು ಬಂತಮ್ಮ?"

"ಐನೂರ ನಲವತ್ತು."

ತಲೆ ತಗ್ಗಿಸಿಕೊಂಡೇ, ಹೃದಯದ ಗೋಡೆ ದಪ್ಪವಾಗಿತ್ತು, ರಕ್ತದಲ್ಲೇ ಬಂದ ಕಾಯಿಲೆ ಎಂದರು. ಮೊದಲೇ ಸ್ಕ್ಯಾನ್ ಮಾಡಿಸಿದ್ದರೆ ಕಾಣುತ್ತಿತ್ತು, ಓಡಬೇಡ ಎಂದು ಹುಡುಗನನ್ನು ತಡೆಯಬಹುದಿತ್ತು ಎಂಬುದನ್ನು ಅವರು ಹೇಳಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಮಾತು ಹೇಳುತ್ತಿದ್ದವನು ಇವನೇ.

ಹೆಂಡತಿಗೆ ಗ್ರಾಮಿನ ಲೆಕ್ಕ ತಿಳಿಯದು. ಗಂಡನ ಮುಖ ತಿಳಿಯುತ್ತದೆ.

"ಅವಳಿಗೂ ಇದೇನಾ ಇದ್ದದ್ದು?" ಎಂದು ಕೇಳಿದಳು.

ಅವನ ಎರಡೂ ಅಂಗೈ ತೊಡೆಯ ಮೇಲೆ ಬರಿದಾಗಿ ಬಿದ್ದಿದ್ದವು.

"ನೋಡಲಿಲ್ಲ ಕಣೇ. ನಾನೇ ಬೇಡ ಅಂದೆನಲ್ಲ."

ಅವಳು ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು.