ಹುಣಸೆಹಣ್ಣು ಹಚ್ಚಿ ತಿಕ್ಕಿದ ಆನೆ

ಆ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವನು ನಾನು. ನಮ್ಮ ವೈನಿಯಲ್ಲ.

ಬೆಳಗಾವಿಯಲ್ಲಿ ನನ್ನ ಇತಿಹಾಸದ ತರಗತಿಯಲ್ಲಿ ಕುಳಿತ ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಇಷ್ಟು ಸಾಕು. ಉಳಿದವರಿಗಾಗಿ ಮೊದಲಿನಿಂದ ಹೇಳಬೇಕು. ನಿಧಾನವಾಗಿ ಹೇಳುತ್ತೇನೆ. ಇಷ್ಟು ವರ್ಷ ಈ ಸಂಗತಿಯನ್ನು ಚುರುಕಾಗಿ, ಚಂದ ಮಾಡಿ ಹೇಳಿಯೇ ಕೆಡಿಸಿದ್ದೇನೆ.

ಪ್ರತಿ ವರ್ಷ ಹಳೆಯ ನಾಣ್ಯಗಳ ಪಾಠ ಬಂದಾಗ, ನೆಲದಲ್ಲಿ ಸಿಕ್ಕ ನಾಣ್ಯವನ್ನು ತೊಳೆಯಬಾರದು ಎಂದು ಹೇಳಿ, ಉದಾಹರಣೆಗೆ ನನ್ನ ಅಣ್ಣನ ಹೆಂಡತಿಯನ್ನು, ಅಂದರೆ ನಮ್ಮ ವೈನಿಯನ್ನು, ಎಳೆದು ತರುತ್ತಿದ್ದೆ. ಖಾನಾಪುರದಲ್ಲಿ ನಮ್ಮ ಹಿತ್ತಲೊಳಗೆ ಎರಡು ಸಾವಿರ ವರ್ಷದ ಹಿಂದಿನ ನಾಣ್ಯ ಸಿಕ್ಕಿತು. ನಮ್ಮ ವೈನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಹಂಡೆ ತಿಕ್ಕಿದ ಹಾಗೆ ತಿಕ್ಕಿ, ರಾಜನ ಹೆಸರನ್ನೇ ತೊಳೆದು ಬಚ್ಚಲಿಗೆ ಬಿಟ್ಟರು. ಇಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಆ ಒಗೆಯುವ ಕಲ್ಲು ನನ್ನ ಸೇರ್ಪಡೆ. ಮೊದಮೊದಲು ಕಥೆಯಲ್ಲಿ ಅದು ಇರಲಿಲ್ಲ. ಒಮ್ಮೆ ಬಾಯಿಗೆ ಬಂತು, ನಗು ಜೋರಾಯಿತು, ಉಳಿದುಕೊಂಡಿತು. ಮುಂದೆ ಮದುವೆ ಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ, ವೈನಿಯ ಎದುರಿಗೇ ಕಲ್ಲಿನ ಸಮೇತ ಹೇಳಿದ್ದೇನೆ.

ನಡೆದದ್ದು ಬೇರೆ.

ನಾನು ಆಗ ಬೆಳಗಾವಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಅಣ್ಣ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿದ್ದ. ವೈನಿ ಪಾರಿಶ್ವಾಡದವರು, ಮದುವೆಯಾಗಿ ಬಂದು ವರ್ಷವಾಗಿತ್ತೇನೋ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಆದರೂ ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದವನ್ನು ಬಿಡಿಸಿ, ಹರಿದ ಸಾಲು ಎಲ್ಲಿ ನಿಲ್ಲುವುದೋ ಅಲ್ಲಿಯವರೆಗೆ ಓದುತ್ತಿದ್ದರು. ನಾನಿನ್ನೂ ಮಾಸ್ತರನಾಗಿರಲಿಲ್ಲ, ಆದರೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಅರ್ಧ ಚೇಷ್ಟೆ, ಅರ್ಧ—ಇನ್ನರ್ಧ ಏನೆಂದು ಆಗ ಯೋಚಿಸಲಿಲ್ಲ.

ಅಬ್ಬಲಿ ಹೂವಿನ ಗಿಡ ಹಚ್ಚಲು ಹಿತ್ತಲಲ್ಲಿ ಅಗೆಯುತ್ತಿದ್ದ ವೈನಿ ಕೂಗಿದರು. "ಮಾಸ್ತರ, ಲಗೂನ ಬರ್ರಿ ಇಲ್ಲೆ!"

ಅಂಗೈಯಲ್ಲಿ ಕೆಂಪು ಮಣ್ಣಿನ ಜೊತೆ ಹಸಿರುಗಟ್ಟಿದ ಬಿಲ್ಲೆ. ಬಿಸಿಲಿಗೆ ಓರೆ ಹಿಡಿದಾಗ ಆನೆ ಕಂಡಿತು, ಸೊಂಡಿಲು ಎತ್ತಿತ್ತು. ಅಂಚಿನ ಸುತ್ತ ಗೀರು ಗೀರು. ಅಕ್ಷರಗಳೇ. ಓದಲು ಬರಲಿಲ್ಲ, ಆದರೆ ಅಕ್ಷರಗಳೆಂದು ಇಬ್ಬರಿಗೂ ತಿಳಿಯಿತು.

"ತೊಳದ ಕೊಡ್ಲೇನ್ರಿ?"

"ಬ್ಯಾಡ ವೈನಿ. ನಮ್ಮ ಸರ್ ತೊಳೀಬಾರದಂತಾರ." ಹೌದು, ಇದನ್ನು ಹೇಳಿದವನೂ ನಾನೇ.

ಅವರು ತವರಿನಿಂದ ತಂದ ಕುಂಕುಮದ ಕರಡಿಗೆಯನ್ನು ಬರಿದು ಮಾಡಿ, ನಾಣ್ಯವನ್ನು ಮಣ್ಣಿನ ಸಮೇತ ಅದರಲ್ಲಿಟ್ಟು ಕೊಟ್ಟರು. "ಏನ ಬರದಾರಂತ ಕೇಳ್ಕೊಂಡ ಬರ್ರಿ. ಮರೀಬ್ಯಾಡ್ರಿ ಮತ್ತ." ಅಷ್ಟೇ ಕೇಳಿದ್ದು. ಬೆಲೆ ಎಷ್ಟೆಂದು ಅವ್ವ ಕೇಳಿದಳು, ಅಣ್ಣ ಕೇಳಿದ. ವೈನಿ ಕೇಳಲಿಲ್ಲ.

ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಮ್ಮ ಸರ್, ನಾಣ್ಯ ತೋರಿಸಲು ಭಾನುವಾರ ಬಾ ಎಂದಿದ್ದರು. ನನಗೆ ಭಾನುವಾರದವರೆಗೆ ತಡೆಯಲಾಗಲಿಲ್ಲ. ಅವರಿಗಿಂತ ಮೊದಲು ನಾನೇ ಓದಬೇಕು, ಅವರ ಮುಂದೆ ರಾಜನ ಹೆಸರು ಹೇಳಬೇಕು— ಇಷ್ಟೇ ಆಸೆ. ಬೆಳಗಾವಿಯ ನನ್ನ ಕೋಣೆಯ ಪಕ್ಕದ ಮನೆಯವರಿಂದ ಹುಣಸೆಹಣ್ಣು ಇಸಿದುಕೊಂಡೆ. ದೀಪಾವಳಿಯಲ್ಲಿ ಅವ್ವ ತಾಮ್ರದ ಹಂಡೆ ತಿಕ್ಕುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಹಾಗೆಯೇ ಉಪ್ಪು ಬೆರೆಸಿ, ತೆಂಗಿನ ನಾರಿನಿಂದ ತಿಕ್ಕಿದೆ. ಹಸಿರು ಹೋಗಿ ತಾಮ್ರ ಕೆಂಪಗೆ ಹೊಳೆದಾಗ ಖುಷಿಯಾಯಿತು. ಅಕ್ಷರ ಇನ್ನೂ ಒಳಗಿವೆ ಎಂದುಕೊಂಡು ಮತ್ತಷ್ಟು ತಿಕ್ಕಿದೆ. ಒಳಗೆ ಏನೂ ಇರಲಿಲ್ಲ. ತಾಮ್ರವನ್ನು ನೆಲ ಎಂದೋ ತಿಂದಿತ್ತು. ಅಕ್ಷರ ಉಳಿದಿದ್ದದ್ದು ಆ ಹಸಿರು ಪದರಿನಲ್ಲೇ.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರ ಹಿಂಭಾಗದಲ್ಲಿ ಸರ್ ಬಾಡಿಗೆಗಿದ್ದರು. ಪಡಸಾಲೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆನೆಯ ಗೆರೆ ನೋಡಿ, ಹಿಂಬದಿಯಲ್ಲಿ ಉಳಿದಿದ್ದ ವೃತ್ತಗಳ ಗುರುತು ನೋಡಿ, ಶಾತವಾಹನರದು ಎಂದರು. ಯಾವ ಅರಸನದು ಎಂದು ಅಂಚಿನ ಬರಹ ಹೇಳಬೇಕಿತ್ತು.

"ಆನಿ ಉಳದೈತಿ, ರಾಜಾ ಹೋಗ್ಯಾನ. ಯಾರ ತಿಕ್ಕಿದ್ರಪಾ ಇದನ್ನ?"

"ನಮ್ಮ ವೈನಿ, ಸರ್."

ಯೋಚಿಸಿ ಹೇಳಿದ್ದಲ್ಲ. ಆದರೆ ಯೋಚಿಸಲು ಆಮೇಲೆ ಇಡೀ ಆಯುಷ್ಯವಿತ್ತು.

ನಾಣ್ಯ ಸಿಕ್ಕ ಜಾಗ ನೋಡಲು ಸರ್ ಮುಂದಿನ ವಾರ ಖಾನಾಪುರಕ್ಕೇ ಬಂದರು. ಚಹಾ ಕುಡಿಯುತ್ತ ಅವ್ವನಿಗೆ ನಗುತ್ತಲೇ ಅಂದರು: "ನಿಮ್ಮ ಸೊಸಿ ಭಾಳ ಸ್ವಚ್ಛ ಇದ್ದಾಳ ನೋಡ್ರಿ ಬಾಯಾರ, ಶಾತವಾಹನರನ್ನೂ ಬಿಡಲಿಲ್ಲ." ಅವ್ವ ಬಿದ್ದು ಬಿದ್ದು ನಕ್ಕಳು. "ಮನ್ಯಾಗಿನ ಹಂಡೆ ಕರ್ರಗ ಬಿದ್ದೈತಿ, ಇಕಿ ರಾಜಾನ್ನ ತಿಕ್ಕ್ಯಾಳಂತ!"

ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು. ನಾನು ಬಸಿಯಲ್ಲಿದ್ದ ಚಹಾ ನೋಡಿದೆ. ಅವರು ಬಾಯಿ ತೆರೆಯುತ್ತಾರೆ ಎಂದು ಕಾದೆ— ಕಾದೆನೋ, ಹೆದರಿದೆನೋ. ಏನೂ ಅನ್ನಲಿಲ್ಲ. ಯಾಕೆಂದು ಇವತ್ತಿಗೂ ನನಗೆ ತಿಳಿಯದು.

ಸಂಜೆ ನಾನೊಬ್ಬನೇ ಇದ್ದಾಗ ಬಂದು ಮೆಲ್ಲಗೆ ಕೇಳಿದರು: "ಏನ ಬರದಿತ್ತಂತ ಗೊತ್ತಾತೇನ್ರಿ?"

"ಇಲ್ಲ," ಎಂದೆ, ನೆಲ ನೋಡುತ್ತ.

ಕೆಲವು ವರ್ಷಗಳ ಬಳಿಕ ಬಚ್ಚಲ ನೀರಿಗೆ ಗಟಾರ ತೋಡುವಾಗ ಅಂಥದೇ ಇನ್ನೊಂದು ಬಿಲ್ಲೆ ಮೇಲೆ ಬಂತಂತೆ. ವೈನಿ ಅದನ್ನು ಮುಟ್ಟಲಿಲ್ಲ. ಕಾಲಿನಿಂದ ಮಣ್ಣೊಳಗೆ ಒತ್ತಿ, "ನನ್ನ ಕೈ ಹಚ್ಚೂದು ಬ್ಯಾಡವಾ" ಅಂದರಂತೆ. ಅಣ್ಣನಿಗೆ ಗೊತ್ತಾಗುವ ಹೊತ್ತಿಗೆ ಗೌಂಡಿ ಮೇಲೆ ಕಾಂಕ್ರೀಟು ಹಾಕಿ ಆಗಿತ್ತು. ಅಣ್ಣ ಇದನ್ನು ಹೇಳಿದಾಗ ನಾನು ಎಲ್ಲರ ಜೊತೆ ನಕ್ಕೆ. ಹೌದು, ನಕ್ಕೆ.

ಈ ಸಲದ ದೀಪಾವಳಿಗೆ ಖಾನಾಪುರಕ್ಕೆ ಹೋಗಿದ್ದೆ. ನೀರು ತುಂಬುವ ಹಬ್ಬಕ್ಕೆ ವೈನಿಯ ಮೊಮ್ಮಗಳು ಸ್ಫೂರ್ತಿ ಅದೇ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚುತ್ತಿದ್ದಳು.

"ಆಯಿ, ಇದರಾಗೂ ಯಾವನರ ರಾಜಾ ಅದಾನೇನ ನೋಡ ಮದಲ. ನೀ ತಿಕ್ಕಿದ್ದಿ ಅಂದ್ರ ಮುಗೀತ ಅಂವನ ಕತಿ!"

ವೈನಿ ನಕ್ಕರು. ಈಗ ಅವರಿಗೆ ಹಲ್ಲು ಕಡಿಮೆ, ನಗು ಮೊದಲಿನದೇ. "ಏನ ಮಾಡ್ತೀ, ಆಗ ನಂಗೇನ ತಿಳೀತಿತ್ತು. ಅಲ್ಲೇ, ಆ ಒಗಿಯೂ ಕಲ್ಲಿನ ಮ್ಯಾಲ ಕುಂತಿದ್ದೆ. ಹಿಂಗ ತಿಕ್ಕಿದೆ, ಹಿಂಗ—" ಎಂದು ಹೆಬ್ಬೆರಳಿನಿಂದ ತಮ್ಮ ಅಂಗೈ ತಿಕ್ಕಿ ತೋರಿಸಿದರು.

ನಡೆದದ್ದರಲ್ಲಿ ಆ ಕಲ್ಲು ಎಲ್ಲಿಯೂ ಇರಲಿಲ್ಲ. ನಗಿಸಲೆಂದು ನಾನು ತಂದು ಹಾಕಿದ ಕಲ್ಲು. ಅವರು ಅದರ ಮೇಲೆ ಹೋಗಿ ಕುಳಿತಿದ್ದರು. ನಾಣ್ಯದ ಅಕ್ಷರ ಅಳಿಸಿದಂತೆ ಇದನ್ನೂ— ಅವರ ಸ್ವಂತ ನೆನಪನ್ನೂ— ನಾನೇ.

ಮರುದಿನ ಬೆಳಿಗ್ಗೆ, ಅವರು ಅಬ್ಬಲಿ ಬಿಡಿಸುತ್ತಿದ್ದಾಗ ಹೇಳಿದೆ. ಹುಣಸೆಹಣ್ಣು, ಉಪ್ಪು, ನಾರು, ಸರ್ ಕೇಳಿದ್ದು, ನಾನು ಅಂದದ್ದು. ಏನೂ ಬಿಡಲಿಲ್ಲ. ಅವರು ಹೂ ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಮಾಸ್ತರ, ನೀವು ಭಾಳ ಚೊಲೋ ಮನಶ್ಯಾರು. ಈ ವಯಸ್ಸಿನ್ಯಾಗ ನನ್ನ ತಪ್ಪ ನಿಮ್ಮ ಮ್ಯಾಲ ಹಾಕ್ಕೋತೀರಿ. ಬಿಡ್ರಿ, ಯಾರ ಏನ ಅಂತಾರ ಈಗ?"

"ಖರೇನ ವೈನಿ, ನಾನ ತಿಕ್ಕಿದ್ದು."

"ಹೋಗ್ರಿ, ನಂಗ ನೆನಪೈತಿ," ಎಂದರು. ಸ್ವಲ್ಪ ತಡೆದು, "ಅದಿರ್ಲಿ, ಏನ ಬರದಿತ್ತಂತ ಕಡೀಕೂ ಗೊತ್ತಾಗಲೇ ಇಲ್ಲ, ಅಲ್ರೀ?"

"ಇಲ್ಲ ವೈನಿ." ಈ ಸಲ ಮುಖ ನೋಡಿ ಹೇಳಿದೆ.

ತಪ್ಪು ಒಪ್ಪಿಕೊಳ್ಳಲು ಹೋಗಿ ಒಳ್ಳೆಯವನೆನ್ನಿಸಿಕೊಂಡು ಬಂದೆ. ಅದು ಹಾಗೇ ಉಳಿಯಬಾರದು. ಸ್ಫೂರ್ತಿಯನ್ನು ಕೂರಿಸಿ ಹೇಳಿದ್ದೇನೆ, ಅವಳು ನಗಲಿಲ್ಲ. ಇನ್ನು ನೀವು— ನನ್ನ ತರಗತಿಗಳಲ್ಲಿ ನಕ್ಕವರು. ನಿಮ್ಮಲ್ಲಿ ಕೆಲವರು ಈಗ ಮಾಸ್ತರರು, ನನ್ನ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳುತ್ತಿರುವಿರೆಂದೂ ಬಲ್ಲೆ. ಹೇಳಿ, ಪಾಠಕ್ಕೆ ಅದು ಬೇಕು. ಆದರೆ ಆ ಕಲ್ಲಿನ ಮೇಲಿಂದ ವೈನಿಯನ್ನು ಎಬ್ಬಿಸಿ. ಅಲ್ಲಿ ನನ್ನನ್ನು ಕೂರಿಸಿ.