ಗಾಯಕ್ಕೆ ಒಗ್ಗರಣೆ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಬೀದಿಯ ಕೊನೆಯ ಚಿಕ್ಕ ಆಸ್ಪತ್ರೆಗೆ ಇಟಲಿಯಿಂದ ಒಬ್ಬ ನರ್ಸಮ್ಮ ಬಂದಿದ್ದರು. ರೋಗಿಗಳ ಬಾಯಿಂದಲೇ ಅಷ್ಟಿಷ್ಟು ಕನ್ನಡ ಕಲಿತಿದ್ದರು; ಇಂಗ್ಲಿಷಾಗಲಿ, ಕನ್ನಡ ಓದುವುದಾಗಲಿ ಬಾರದು. ವಾರಕ್ಕೊಮ್ಮೆ ಮೈಸೂರಿನಿಂದ ಬರುತ್ತಿದ್ದ ಡಾಕ್ಟರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಗೀಚಿಟ್ಟು ಬಸ್ಸು ಹತ್ತಿಬಿಡುತ್ತಿದ್ದರು. ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದ್ದ ನನಗೊಬ್ಬನಿಗೇ ಆ ಅಕ್ಷರ ಅರ್ಥವಾಗುತ್ತಿತ್ತು. ಹಾಗಾಗಿ ನರ್ಸಮ್ಮ ತಮ್ಮ ಇಂಗ್ಲಿಷ್-ಇಟಾಲಿಯನ್ ನಿಘಂಟನ್ನು ನನ್ನ ಕೈಗಿಟ್ಟರು. ಸಂಜೆ ಕೂತು ಪದಕ್ಕೆ ಪದ ಹುಡುಕಿ ಬರೆದುಕೊಡುತ್ತಿದ್ದೆ. ಇಟಾಲಿಯನ್ ಬರುತ್ತದೆಂದು ಮನೆಯಲ್ಲಿ ಸ್ವಲ್ಪ ಬೀಗಿದ್ದೂ ಉಂಟು.

ಕಬ್ಬು ಕಡಿಯುವಾಗ ಕಾಲಿಗೆ ಮಚ್ಚು ತಗಲಿಸಿಕೊಂಡ ರೈತರೊಬ್ಬರು ಒಮ್ಮೆ ಬಂದರು. ದಿನಾ ಡ್ರೆಸಿಂಗ್ ಬದಲಿಸಿ, 'ಪ್ರೌಡ್ ಫ್ಲೆಶ್' ಬೆಳೆಯುತ್ತಿದೆಯೇ ನೋಡಿ ಎಂದು ಡಾಕ್ಟರು ಬರೆದಿದ್ದರು. ಗಾಯದಲ್ಲಿ ಉಬ್ಬಿ ಬೆಳೆಯುವ ದುರ್ಮಾಂಸಕ್ಕೆ ಆ ಹೆಸರೆಂದು ನನಗೇನು ಗೊತ್ತು? ಪ್ರೌಡ್ ಎಂದರೆ ಜಂಬ, ಫ್ಲೆಶ್ ಎಂದರೆ ಮಾಂಸ. ಎರಡಕ್ಕೂ ಇಟಾಲಿಯನ್ ಹುಡುಕಿ ಜೋಡಿಸಿದೆ. ಡ್ರೆಸಿಂಗಿಗೆ ನಿಘಂಟಿನಲ್ಲಿ ಮೊದಲು ಕಂಡ ಪದ 'ಕೊಂದಿಮೆಂತೊ'. ಅದನ್ನೇ ಬರೆದೆ.

ಮರುದಿನ ಬೆಳಿಗ್ಗೆ ನರ್ಸಮ್ಮ ಹೇಳಿಕಳಿಸಿದರು. ಹೋದರೆ, ರೈತರು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಾರೆ. ನರ್ಸಮ್ಮನ ಕೈಯಲ್ಲಿ ನನ್ನ ಚೀಟಿ.

"ಮೇಷ್ಟ್ರೇ, ಇದು ಅಡಿಗೆಮನೆ ಮಾತು. ಎಣ್ಣೆ, ಉಪ್ಪು, ಹುಳಿ. ಕಾಲಿಗೆ ಒಗ್ಗರಣೆ?"

ಸಲಾಡಿಗೆ ಹಾಕುವುದಕ್ಕೂ ಇಂಗ್ಲಿಷಿನಲ್ಲಿ ಡ್ರೆಸಿಂಗ್ ಎನ್ನುತ್ತಾರೆಂದು ನಾನು ಹೇಳುವ ಮುಂಚೆ ರೈತರೇ ಹೇಳಿದರು: "ಎಣ್ಣೆ ಬೇಕಾರೆ ಬುಡವ್ವ, ತಂಪಾಯ್ತದೆ. ಉಪ್ಪು ಮಾತ್ರ ಬ್ಯಾಡ ಕಣವ್ವ."

ನರ್ಸಮ್ಮ ಮುಂದಿನ ಸಾಲು ಓದಿ, ಗಾಯದ ಮೇಲೆ ಬಗ್ಗಿ, ಗಂಭೀರವಾಗಿ ಕೇಳಿದರು: "ಯಜಮಾನ್ರೇ, ಮಾಂಸಕ್ಕೆ ಜಂಬ ಬಂತಾ?"

"ಮಾಂಸ ತಿಂದೇ ಬಾಳ ದಿನ ಆಯ್ತು ಕಣವ್ವ. ಇನ್ನು ಜಂಬ ಎಲ್ಲಿಂದ ಬಂದಾದು?"

ನರ್ಸಮ್ಮ ಅವರ ಪಕ್ಕದಲ್ಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗುವುದೋ ಮನೆಗೆ ಓಡುವುದೋ ತಿಳಿಯಲಿಲ್ಲ. ಆಮೇಲೆ ಅವರು ಬಟ್ಟೆಯ ಪಟ್ಟಿ ಎತ್ತಿ ಹಿಡಿದು, ಗಾಯದ ಡ್ರೆಸಿಂಗಿಗೆ ತಮ್ಮ ಮಾತು ಇದೆಂದು "ಮೆದಿಕಾತ್ಸಿಯೋನೆ" ಎಂದರು. ನನ್ನಿಂದಲೂ ಹೇಳಿಸಿದರು. ನನ್ನ ಜೊತೆ ರೈತರೂ ಹೇಳಿದರು, ನನಗಿಂತ ಚೆನ್ನಾಗಿ. ದುರ್ಮಾಂಸದ ಸಂಗತಿಯನ್ನು ಡಾಕ್ಟರೇ ಬಂದು ತೋರಿಸಿ ಬಿಡಿಸಿ ಹೇಳಬೇಕಾಯಿತು. ರೈತರ ಕಾಲೇನೋ ಚೆನ್ನಾಗಿ ಮಾಗಿತು.

ಅಂದಿನಿಂದ, ಬರೆಯುವ ಮುಂಚೆ ನಾನು ಗಾಯವನ್ನು ಕಣ್ಣಾರೆ ನೋಡಬೇಕೆಂದು ನರ್ಸಮ್ಮ ಕಟ್ಟುಮಾಡಿದರು. ಒಂದು ಬೆಳಿಗ್ಗೆ ಯಾರದೋ ಗಾಯದಿಂದ ಕೀವು ಹಿಂಡುವುದನ್ನು ನೋಡಿ ತಲೆ ಸುತ್ತಿ ಬಿದ್ದೆ. ಮುಖಕ್ಕೆ ನೀರು ಚಿಮುಕಿಸುತ್ತಾ ನರ್ಸಮ್ಮ "ಪುಸ್, ಪುಸ್" ಎನ್ನುತ್ತಿದ್ದರು. ಕೀವಿಗೆ ಇಂಗ್ಲಿಷಿನಲ್ಲಿ ಪಸ್, ಇಟಾಲಿಯನ್‌ನಲ್ಲಿ ಪುಸ್. ಆ ಒಂದು ಪದಕ್ಕೆ ನಿಘಂಟೇ ಬೇಕಿರಲಿಲ್ಲ.